ಏಳನೆಯ ಕಾಡತೂಸು

ನಿಮ್ಮ ಅಜ್ಜ ಪೊಲೀಸ್ ಜಮಾದಾರರಾಗಿದ್ದರು ಎಂಬುದಷ್ಟೇ ನಿಮಗೆ ಗೊತ್ತು. ಆ ನೌಕರಿ ಒಂದು ಸಲ ಹೋಗುವುದರಲ್ಲಿತ್ತು, ಹೋಗದೆ ಉಳಿಯಿತು. ಹೇಗೆ ಉಳಿಯಿತು ಎಂಬುದನ್ನು ನಾನು ಯಾರಿಗೂ ಹೇಳಿಲ್ಲ. ನಾಲ್ಕು ಜನರ ನಡುವೆ ನನಗೆ ಮಾತು ಬರುವುದಿಲ್ಲ. ನೀವು ಬಂದು ಸುತ್ತ ಕೂತರೂ ನನ್ನ ಬಾಯಿ ಕಟ್ಟುತ್ತದೆ. ಅಗಸೂರಿನ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತಿದ್ದೇನೆ, ಅಷ್ಟರಲ್ಲಿ ಬರೆಯುತ್ತೇನೆ.

ಕಾರವಾರದ ಪೊಲೀಸ್ ಲೈನಿನಲ್ಲಿ ನಮ್ಮದೊಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ನಿಮ್ಮ ಅಪ್ಪ ಆಗ ತೊಟ್ಟಿಲ ಕೂಸು. ಬ್ರಿಟಿಷರ ಕಾಲ, ಸನ್ ಮೂವತ್ತು ದಾಟಿ ಒಂದೆರಡು ವರ್ಷ ಆಗಿತ್ತು. ಅಂಕೋಲೆ ಕಡೆಯ ರೈತರು ಸರ್ಕಾರಕ್ಕೆ ಭೂಮಿಯ ಕರ ಕೊಡುವುದಿಲ್ಲವೆಂದು ಕೂತಿದ್ದರು. ಕೊಡದವರ ಮನೆಗೆ ಜಪ್ತಿ ಹೋಗುತ್ತಿತ್ತು. ಕಚೇರಿಯವರ ಜೊತೆ ಫೌಜದಾರರು, ನಾಲ್ಕಾರು ಪೊಲೀಸರು. ನಿಮ್ಮ ಅಜ್ಜನೂ ಹೋಗುತ್ತಿದ್ದರು. ಅದೇ ಕಡೆಯ ಅಗಸೂರು ನನ್ನ ತವರು. ಅಲ್ಲಿ ಅಪ್ಪನೂ ಅಣ್ಣನೂ ಕರ ಕಟ್ಟಿರಲಿಲ್ಲ. ಅಗಸೂರಿಗೆ ಜಪ್ತಿಯವರು ಇನ್ನೂ ಹೋಗಿರಲಿಲ್ಲ. ಈ ವಿಷಯವನ್ನು ನಾವಿಬ್ಬರೂ ಮನೆಯಲ್ಲಿ ಎತ್ತುತ್ತಿರಲಿಲ್ಲ. ನಾನು ಬಡಿಸುತ್ತಿದ್ದೆ, ಅವರು ಉಣ್ಣುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಅಂಕೋಲೆ ಹತ್ತಿರದ ಬೊಬ್ರುವಾಡದ ಒಂದು ಮನೆಯಲ್ಲಿ ಜಪ್ತಿ ನಡೆಯಿತು. ಬಚ್ಚಲಿನ ತಾಮ್ರದ ಹಂಡೆಯನ್ನು ಹೊರಗೆ ತರುವಾಗ ಅದು ಜಾರಿ, ನಿಮ್ಮ ಅಜ್ಜನ ಬಲಗೈಯ ಹೆಬ್ಬೆರಳು ಹಂಡೆಗೂ ಬಾಗಿಲ ಪಟ್ಟಿಗೂ ನಡುವೆ ಸಿಕ್ಕಿತು. ಆ ಮನೆಯ ಮುದುಕಿಯೇ ಅರಿಶಿನ ತಂದು ಕೊಟ್ಟಳಂತೆ. ಅಂಕೋಲೆಯ ನಾಟಿ ವೈದ್ಯರೊಬ್ಬರು ಸೊಪ್ಪು ಅರೆದು ಕಟ್ಟಿದರು. ಗಾಯ ಒಣಗಿತು, ಆದರೆ ಬೆರಳಿನಲ್ಲಿ ಬಲ ಬರಲಿಲ್ಲ. ಅಂಗಿಯ ಗುಂಡಿಯನ್ನು ನಾನೇ ಹಾಕುತ್ತಿದ್ದೆ. ಸ್ಟೇಷನ್ನಿನಲ್ಲಿ ಅವರು ಯಾರಿಗೂ ಹೇಳಲಿಲ್ಲ. ಕಣ್ಣು ಮಂಜಾಯಿತೆಂದು ಲೈನಿನ ಒಬ್ಬ ಪೊಲೀಸನನ್ನು ಆ ವರ್ಷವೇ ಮನೆಗೆ ಕಳಿಸಿದ್ದರು. ಅವನ ಹೆಂಡತಿ ಮಕ್ಕಳು ಒಲೆಯ ಬೂದಿಯನ್ನೂ ತೆಗೆಯದೆ ಕೋಣೆ ಬಿಟ್ಟು ಹೋದುದನ್ನು ನಾವು ನೋಡಿದ್ದೆವು. ನಮಗೆ ಊರಿನಲ್ಲಿ ಸ್ವಂತ ಗದ್ದೆ ಇರಲಿಲ್ಲ.

ಆಗ ಹೊಸ ಪಿಸ್ತೂಲುಗಳು ಬಂದವು. ಗಲಾಟೆಯ ದಿನಗಳೆಂದು ಸಾಹೇಬರಿಗೂ ಫೌಜದಾರರಿಗೂ ಕೊಟ್ಟಿದ್ದು. ಬಂದೂಕು ಇಡುವ ಕೋಣೆಯ ಕೀಲಿ ನಿಮ್ಮ ಅಜ್ಜನ ಹತ್ತಿರ ಇತ್ತು. ಹಾಗಾಗಿ ಅವುಗಳನ್ನು ಒರೆಸಿ, ತುಂಬಿಸಿ ಇಡುವ ಕೆಲಸ ಅವರದೇ. ಹಳೆಯ ಪಿಸ್ತೂಲಿನಂತೆ ಇದಕ್ಕೆ ಗುಂಡು ತುಂಬುವ ತಿರುಗುಗಾಲಿ ಇರಲಿಲ್ಲ. ಹಿಡಿಯೊಳಗೆ ತೂರಿಸುವ ಒಂದು ತೆಳ್ಳಗಿನ ಕಬ್ಬಿಣದ ಡಬ್ಬಿ, ಅದಕ್ಕೆ ಮ್ಯಾಗಜೀನು ಅನ್ನುತ್ತಿದ್ದರು. ಒಳಗೆ ಒಂದು ಸ್ಪ್ರಿಂಗು. ಕಾಡತೂಸುಗಳನ್ನು ಮೇಲಿನಿಂದ ಒಂದೊಂದಾಗಿ ಒತ್ತಿ ಕೂರಿಸಬೇಕು. ಒಂದೊಂದರಲ್ಲೂ ಏಳು ತುಂಬಬೇಕೆಂದು ಹೇಳಿ ಕಳಿಸಿದ್ದರು. ಸ್ಪ್ರಿಂಗು ಹೊಸದು, ಬಿರುಸು. ನಾಲ್ಕರವರೆಗೆ ಹೇಗೋ ಆಗುತ್ತಿತ್ತು. ಐದನೆಯದಕ್ಕೆ ಅವರ ಹೆಬ್ಬೆರಳು ಸೋಲುತ್ತಿತ್ತು. ತಿಂಗಳು ಮುಗಿಯುವುದರೊಳಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಎಲ್ಲರೆದುರು ತುಂಬಿಸಿ ತೋರಿಸಬೇಕು.

ಒಂದು ಸಂಜೆ ಅವರು ಫೌಜದಾರರ ಪಿಸ್ತೂಲಿನ ಎರಡು ಮ್ಯಾಗಜೀನನ್ನೂ, ಕವಾಯತು ಕಲಿಸಲು ಇಟ್ಟಿದ್ದ ಮದ್ದಿಲ್ಲದ ಕಾಡತೂಸುಗಳನ್ನೂ ಪಂಚೆಯಲ್ಲಿ ಸುತ್ತಿ ಮನೆಗೆ ತಂದರು. ಒಲೆಯ ಮುಂದೆ ಕೂತು ಒತ್ತಿದರು. ಐದನೆಯದು ಚಿಮ್ಮಿ ಗಂಜಿಯ ಪಾತ್ರೆಗೆ ಬಿತ್ತು.

"ನಾ ನೋಡ್ಲಾ?" ಅಂದೆ.

"ನೀ ಎಂತ ನೋಡ್ತೆ? ಇದೇನ್ ಶೇವಿಗೆ ಒರಳಾ?"

ಆದರೂ ಕೊಟ್ಟರು. ಹಿಂದಿನ ಕಾಡತೂಸನ್ನು ಹೆಬ್ಬೆರಳಿಂದ ತಗ್ಗಿಸಿ ಹಿಡಿದು, ಹೊಸದನ್ನು ಮುಂದಿನಿಂದ ಜಾರಿಸಿ, ತುಟಿಯಂಥ ಅಂಚಿನ ಅಡಿಗೆ ತಳ್ಳಬೇಕು. ಆರು ಹೋಯಿತು. ಏಳನೆಯದಕ್ಕೆ ಬಲ ಹೆಬ್ಬೆರಳಿನ ಮೇಲೆ ಎಡ ಹೆಬ್ಬೆರಳನ್ನಿಟ್ಟು, ಮಂಡಿಗೆ ಆನಿಸಿ ಒತ್ತಿದೆ. ಕಟಕ್ ಎಂದು ಕೂತಿತು. ಅಂಚು ಹರಿತ, ಬೆರಳಿನ ಚರ್ಮ ಸೀಳಿತ್ತು.

ಅವರು ಮ್ಯಾಗಜೀನನ್ನು ದೀಪಕ್ಕೆ ಹಿಡಿದರು. ಬದಿಯ ತೂತುಗಳಲ್ಲಿ ಹಿತ್ತಾಳೆ ಮಿಂಚಿತು.

"ನಿನ್ನೇ ಭರ್ತಿ ಮಾಡೂಕೆ ಹೇಳ್ಬೇಕು ಸಾಹೇಬ್ರಿಗೆ," ಅಂದು ಸ್ವಲ್ಪ ನಕ್ಕರು. ಆಮೇಲೆ ನಗಲಿಲ್ಲ. ನಾನು ತುಂಬಿಸಿದರೆ ಪ್ರಯೋಜನವಿಲ್ಲವಲ್ಲ. ಸಾಹೇಬರ ಎದುರು ಒತ್ತಬೇಕಾದದ್ದು ಅವರ ಬೆರಳು.

ಸ್ಪ್ರಿಂಗು ಪಳಗಿದರೆ ಆ ಬೆರಳಿಗೂ ಆದೀತು ಎಂದು ನಾವು ಮಾತಾಡಿಕೊಂಡೆವು. ತುಂಬಿಸುವುದು, ತುಂಬಿಸಿಟ್ಟು ಬಿಡುವುದು, ತೆಗೆಯುವುದು, ಮತ್ತೆ ತುಂಬಿಸುವುದು. ಕೋಣೆಯ ಕೀಲಿ ಅವರದೇ ಆದ್ದರಿಂದ ಕೆಲವು ದಿನ ಮ್ಯಾಗಜೀನುಗಳು ನನ್ನ ಹತ್ತಿರವೇ ಇರುತ್ತಿದ್ದವು. ಯಾರಾದರೂ ಬಂದರೆ ಅಕ್ಕಿಯ ಡಬ್ಬದೊಳಗೆ ಹೂತು ಬಿಡುತ್ತಿದ್ದೆ. ಕೂಸನ್ನು ಮಲಗಿಸಿ, ಮಣೆಯ ಮೇಲೆ ಕೂತು, ಸೆರಗಿನ ಚೂರನ್ನು ಬೆರಳಿಗೆ ಸುತ್ತಿಕೊಂಡು ಒತ್ತುತ್ತಿದ್ದೆ. ಮೊದಮೊದಲು ನೋವು. ಆಮೇಲೆ ಬೆರಳ ತುದಿ ಜೋಮು ಹಿಡಿದು ಏನೂ ತಿಳಿಯುತ್ತಿರಲಿಲ್ಲ. ಏನೂ ತಿಳಿಯದೆ ಇದ್ದಾಗ ಕೆಲಸ ಸುಲಭವಾಗಿತ್ತು. ಇವನ್ನು ಯಾರ ಮುಂದೆ ಹಿಡಿಯುತ್ತಾರೆ ಎಂದು ನಾನು ಯೋಚಿಸಿದೆನೇ ಎಂದು ನೀವು ಕೇಳಬಹುದು. ಯೋಚಿಸಿದ ನೆನಪಿಲ್ಲ. ಒಳಗೆ ಹೋಯಿತೇ, ಇಲ್ಲವೇ, ಅದಷ್ಟೇ ಇತ್ತು.

ಪಕ್ಕದ ಮನೆಯವಳು ಕೊಂಕಣಿಯವಳು, ಒಬ್ಬ ಪೊಲೀಸನ ಹೆಂಡತಿ. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು. ಗೋಡೆ ತೆಳ್ಳಗಿನದು.

"ಅಗೋ ವೈನಿ, ನಿಮ್ಮನೇಲಿ ದಿನಾ ಕಟಕ್ ಕಟಕ್ ಅಂತದಲ್ಲ, ಎಂತ ಅದು?"

"ಅಡಕೆ ಕತ್ತರ್ಸೂದು."

"ಇಷ್ಟ್ ಅಡಕೆ ಯಾರ್ ತಿಂತಾರೆ? ಜಮಾದಾರ್ರ ಹಲ್ಲು ಬೆಳ್ಳಗೆ ಅದೆ."

"ನಾನೇ ತಿಂತೆ."

"ನೀವಾ? ಬಾಯ್ ತೆಗೀರಿ, ಕಾಂಬ!"

ನಾನು ಬಾಯಿ ತೆಗೆಯದೆ ನಕ್ಕೆ. ಮರುದಿನದಿಂದ ಅವಳು ಎಲೆ ಹಿಡಿದುಕೊಂಡು ಒಂದು ಹೋಳು ಅಡಕೆ ಕೇಳಲು ಬರತೊಡಗಿದಳು. ಮನೆಯಲ್ಲಿ ಅಡಕೆಯೇ ಇರಲಿಲ್ಲ. ನಿಮ್ಮ ಅಜ್ಜನಿಗೆ ಹೇಳಿ ಬಜಾರಿನಿಂದ ತರಿಸಬೇಕಾಯಿತು.

ಚಳಿಗಾಲ ಶುರುವಾಗಿತ್ತು. ಐದನೆಯ ಕಾಡತೂಸು ಅವರ ಬೆರಳಿಗೂ ಹೋಗತೊಡಗಿತು, ಆರು ಏಳು ಮಾತ್ರ ಇಲ್ಲ. ಬಾಗಿಲ ತಿರುಗಣಿ ಬಿಗಿಯಾದರೂ, ಬಾವಿಯ ಗಾಲಿ ಕಿರುಗುಟ್ಟಿದರೂ ನಮ್ಮ ಕಡೆ ಮಾಡುವುದು ಒಂದೇ. ಒಂದು ಸಂಜೆ ಎರಡೂ ಮ್ಯಾಗಜೀನಿನೊಳಗೆ ನಾನು ತೆಂಗಿನೆಣ್ಣೆ ಬಿಟ್ಟೆ. ಆಗ ಚೆನ್ನಾಗಿ ಜಾರಿತು. ಬೆಳಿಗ್ಗೆ ಅವರು ಕೈಗೆತ್ತಿಕೊಂಡಾಗ ಒಳಗಿನ ಎಣ್ಣೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಒತ್ತಿದರೆ ಕೆಳಗೆ ಹೋದದ್ದು ಮೇಲೆ ಬರಲಿಲ್ಲ.

"ಇದೆಂತ ಮಾಡಿಟ್ಟೆ ಮಾರಾಯ್ತಿ?"

"ಎಣ್ಣೆ ಬಿಟ್ಟೆ, ಸಲೀಸಾಗ್ಲಿ ಅಂತ."

"ಯಾವೆಣ್ಣೆ?"

"ಮನೇಲಿ ಇನ್ಯಾವೆಣ್ಣೆ ಅದೆ?"

"ತಲೆಗೆ ಹಚ್ಚೂ ಎಣ್ಣೆ! ಇನ್ನೊಂದ್ ಮಲ್ಲಿಗೆ ಮಾಲೆ ಮುಡ್ಸಿಬಿಡು ಪಿಸ್ತೂಲಿಗೆ. ಸಾಹೇಬ್ರು ಮದುವೆ ಮಾಡ್ಕಂಡ್ ಹೋಗ್ಲಿ."

ಹೇಳಿದ್ದು ತಮಾಷೆ, ಆದರೆ ಅವರ ಮುಖ ಬಿಳಿಚಿತ್ತು. ಹಾಜರಿಯ ಹೊತ್ತಾಗುತ್ತಿತ್ತು. ಅಡಿಯ ತಗಡನ್ನು ಜಾರಿಸಿ ಸ್ಪ್ರಿಂಗನ್ನು ಹೊರಗೆ ತೆಗೆದು, ಎಲ್ಲವನ್ನೂ ಒಲೆಯ ಕಾವಿಗೆ ಹಿಡಿದೆವು. ಎಣ್ಣೆ ಕರಗಿ ಬೂದಿಗೆ ತೊಟ್ಟಿಕ್ಕಿತು. ಹಳೆಯ ಪಂಚೆಯ ಅರಿವೆಯಿಂದ ಒರೆಸಿದೆವು, ಕಡ್ಡಿಗೆ ಅರಿವೆ ಸುತ್ತಿ ಒಳಗೂ ಒರೆಸಿದೆವು. ವಾಸನೆ ಮಾತ್ರ ಹೋಗಲಿಲ್ಲ. ಕಾರವಾರದಲ್ಲಿ ಯಾರ ಕೈಯಲ್ಲಿ ಆ ವಾಸನೆ ಇರುವುದಿಲ್ಲ? ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದ ಮುಂದೆ ಬರೀ ಒತ್ತುವುದು, ತೆಗೆಯುವುದು. ಹೀಗೆ ದಿನಗಳು ಹೋದವು.

ದೊಡ್ಡ ಸಾಹೇಬರು ಬಂದ ದಿನ ಬೆಳಿಗ್ಗೆ ಅವರಿಗೆ ಗುಂಡಿ ಹಾಕಿ ಕಳಿಸಿದೆ. ಮಧ್ಯಾಹ್ನ ಅವರು ಕೈಯಲ್ಲಿ ಇಸ್ವಾಣದ ದೊಡ್ಡ ತುಂಡು ಹಿಡಿದುಕೊಂಡು ಬಂದರು. ಅಷ್ಟು ಒಳ್ಳೆಯ ಮೀನು ನಾವು ಹಬ್ಬಕ್ಕೂ ತರುತ್ತಿರಲಿಲ್ಲ.

"ಏಳೂ ಹೋಯ್ತು," ಅಂದರು.

"ಹೋಯ್ತಾ?"

"ಎರಡೂ ಮ್ಯಾಗಜೀನು. ಕಣ್ಣಲ್ಲಿ ನೀರ್ ಬಂತು, ಸಾಹೇಬ್ರು ನೋಡ್ಲಿಲ್ಲ. ಶಾಬಾಸ್ ಅಂದ್ರು."

ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಂಡಿತ್ತು. ಬಿಸಿನೀರಿನಲ್ಲಿ ಅದ್ದಿಸಿದೆ. ಮೀನು ಬೇಯಿಸಿ ಬಡಿಸಿದೆ. ಎಡಗೈಯಲ್ಲಿ ಉಣ್ಣಬಾರದೆಂದು ಬಲಗೈಯ ನಾಲ್ಕು ಬೆರಳಿನಲ್ಲೇ ಕಲಸುತ್ತಿದ್ದರು. ಕಲಸುತ್ತಲೇ ಇದ್ದರು, ಉಣ್ಣಲಿಲ್ಲ.

"ಫೌಜದಾರ್ರ ಜೋಡಿ ಹೋಗೂಕೆ ಹೇಳಿದ್ರು. ಪಿಸ್ತೂಲಿನ ಕೆಲ್ಸ ಗೊತ್ತಿದ್ದವ ಒಬ್ಬ ಬೇಕು ಅಂತ."

"ಎಲ್ಲಿಗೆ?"

"ಅಂಕೋಲೆಗೆ."

"ಅಂಕೋಲೆಲಿ ಎಲ್ಲಿಗೆ?"

ಅವರು ಒಂದು ಮುಳ್ಳನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು.

"ಅಗಸೂರಿಗೆ."

ನಾನು ಸಾರಿನ ಪಾತ್ರೆಯನ್ನು ಮುಚ್ಚಿದೆ. "ಬೆರಳು ನೋಯ್ತದೆ ಹೇಳೂಕಾಗ್ದಾ?"

"ಬೆಳಿಗ್ಗೆ ಏಳ್ ತುಂಬ್ಸಿ ತೋರ್ಸಿದ್ದೆ. ಮಧ್ಯಾಹ್ನ ಬೆರಳೇ ಇಲ್ಲ ಅನ್ಲಾ?"

ಆ ಬೆರಳು ಹಾಗೇ ಇದ್ದಿದ್ದರೆ, ನಾವು ಅದನ್ನು ಮುಚ್ಚಿಡದೆ ಇದ್ದಿದ್ದರೆ, ಅವರನ್ನು ಅಗಸೂರಿಗೆ ಕಳಿಸುತ್ತಿರಲಿಲ್ಲ. ಮನೆಗೇ ಕಳಿಸುತ್ತಿದ್ದರು. ಎರಡರಲ್ಲಿ ಒಂದು. ನಾವು ಆಗಲೇ ಆರಿಸಿಯಾಗಿತ್ತು. ಮೀನು ಚೆನ್ನಾಗಿತ್ತು. ಅವರು ಬಿಟ್ಟದ್ದನ್ನು ನಾನು ಉಂಡೆ.

ಹೊರಡುವ ದಿನ ಬೆಳಿಗ್ಗೆ ಅವರ ಬೆರಳಿನ ಊತ ಇಳಿದಿರಲಿಲ್ಲ. ಮ್ಯಾಗಜೀನುಗಳ ಜೊತೆ ಒಂದು ಕಾಗದದ ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಇವು ನಿಜವಾದ ಕಾಡತೂಸು. ಮೊದಲಿನವುಗಳಿಗಿಂತ ಭಾರ, ಹೊಸ ಹಿತ್ತಾಳೆಯ ಹೊಳಪು. ಅವರು ಬಾಗಿಲಿಗೆ ಅಡ್ಡವಾಗಿ ನಿಂತರು, ಯಾರೂ ಬರದ ಹಾಗೆ.

ಆರು ತುಂಬಿಸಿ ನಿಲ್ಲಿಸಿದೆ. "ಆರು ಸಾಲ್ದಾ?"

"ಫೌಜದಾರ್ರು ತೂತಲ್ಲಿ ನೋಡ್ತಾರೆ."

ಏಳನೆಯದನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಅಪ್ಪನ ಮುಖವನ್ನೋ ಅಣ್ಣನ ಮುಖವನ್ನೋ ಕಣ್ಣ ಮುಂದೆ ತಂದುಕೊಳ್ಳಲು ನೋಡಿದೆ. ಬರಲಿಲ್ಲ. ನಮ್ಮ ಮನೆಯ ಅಂಗಳ ಬಂತು, ಅದರಲ್ಲಿ ಒಣಹಾಕಿದ ಮುರುಗಲ ಹಣ್ಣಿನ ಸಿಪ್ಪೆ ಬಂತು, ಜನ ಯಾರೂ ಬರಲಿಲ್ಲ. ಎಡ ಹೆಬ್ಬೆರಳನ್ನು ಬಲದ ಮೇಲಿಟ್ಟು ಒತ್ತಿದೆ. ಇಷ್ಟು ದಿನ ಪಳಗಿಸಿದ ಸ್ಪ್ರಿಂಗು, ಹೆಚ್ಚು ಹಟ ಮಾಡಲಿಲ್ಲ. ಎರಡನೆಯ ಮ್ಯಾಗಜೀನನ್ನೂ ತುಂಬಿಸಿ, ಸೆರಗಿನಿಂದ ಒರೆಸಿ ಕೊಟ್ಟೆ. ಕೂಸು ಎದ್ದು ಅಳುತ್ತಿತ್ತು, ಎತ್ತಿಕೊಂಡೆ.

ಅವರು ಮರುದಿನ ಸಂಜೆ ಬಂದರು. ಬೂಟು ಕಳಚಲು ನಾನು ಕೂತೆ. ಕೆಂಪು ಮಣ್ಣು ಹತ್ತಿತ್ತು, ನಮ್ಮ ಊರಿನದು.

"ಹೊಡೆದ್ರಾ?" ಎಂದು ಕೇಳಿದೆ.

"ಇಲ್ಲ. ಪಿಸ್ತೂಲು ಹೊರಗೇ ತೆಗೀಲಿಲ್ಲ. ಫೌಜದಾರ್ರು ಸೊಂಟದ ಮೇಲೆ ಕೈ ಇಟ್ಕಂಡ್ ನಿಂತಿದ್ರು, ಅಷ್ಟೇ. ಎಲ್ಲರೂ ಅದನ್ನೇ ನೋಡ್ತಿದ್ರು."

"ಅಣ್ಣ?"

"ಕರ್ಕಂಡ್ ಬಂದ್ರು. ಅಡ್ಡ ಬಂದ. ಜೈಲಾಗ್ತದೆ."

"ಅಪ್ಪ?"

"ಜಗಲಿ ಮೇಲೆ ಕೂತಿದ್ರು. ನನ್ನ ನೋಡ್ಲಿಲ್ಲ." ಇನ್ನೊಂದು ಕಾಲನ್ನು ಮುಂದೆ ಮಾಡಿ, "ನಿನ್ನವ್ವ ಬೆಲ್ಲ ನೀರು ತಂದಿಟ್ರು," ಅಂದರು.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅದೂ ಅಳಿಯ. ಜಪ್ತಿಗೆ ಬಂದರೂ ಅಳಿಯನೇ. ಅವ್ವ ಬೇರೆ ಏನು ಮಾಡಬೇಕೆಂದು ತಿಳಿಯದೆ ಅದನ್ನೇ ಮಾಡಿರಬೇಕು.

"ಕುಡಿದ್ರಾ?"

"ಫೌಜದಾರ್ರಿದ್ರು."

"ಮತ್ತೆ?"

"ಜಗಲಿ ತುದೀಲಿ ಇತ್ತು. ಕಚೇರಿಯವ್ರು ಜಪ್ತಿಗೆ ಪಾತ್ರೆ ಎಲ್ಲಾ ಬರ್ಕಂತ ಬಂದ್ರು. ಆ ತಂಬಿಗೇನೂ ಬರ್ಕಂಡ್ರು, ತಾಮ್ರದ್ದು ಅಂತ."

"ಅದ್ರಲ್ಲಿದ್ದ ನೀರು?"

"ಚೆಲ್ಲಾಯ್ತು."

"ಯಾರು?"

ಅವರು ಊದಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ನಾನು ಎರಡನೆಯ ಬೂಟು ಕಳಚಿ ಬಾಗಿಲ ಹಿಂದೆ ಇಟ್ಟು ಬಂದೆ. ಆಗ ಹೇಳಿದರು.

"ನಾನೇ."

ಮ್ಯಾಗಜೀನುಗಳನ್ನು ಮತ್ತೆ ಪಂಚೆಯಲ್ಲಿ ಸುತ್ತಿ ತಂದಿದ್ದರು. ಬೆಳಗಾಗುವುದರೊಳಗೆ ಖಾಲಿ ಮಾಡಿ ಪೆಟ್ಟಿಗೆಗೆ ಹಾಕಬೇಕಿತ್ತು. ನಾನು ಮಣೆಯ ಮೇಲೆ ಕೂತು ಒಂದೊಂದನ್ನೇ ಹೆಬ್ಬೆರಳಿನಿಂದ ತಳ್ಳಿ ತೆಗೆದೆ. ಒಂದೂ ಕಡಿಮೆ ಇರಲಿಲ್ಲ. ಅಳು ಬರಬಹುದೆಂದು ಕಾದೆ, ಬರಲಿಲ್ಲ. ಒಲೆ ಆರುತ್ತಿತ್ತು, ಊದಿದೆ.

ನಿಮ್ಮ ಅಜ್ಜ ಪಿಂಚಣಿ ಬರುವವರೆಗೂ ನೌಕರಿಯಲ್ಲಿದ್ದರು. ಆ ಬೆರಳಿನ ಗುಟ್ಟು ಯಾರಿಗೂ ತಿಳಿಯಲಿಲ್ಲ. ನಿಮ್ಮ ಅಪ್ಪ ಓದಿದ್ದು ಆ ಸಂಬಳದಲ್ಲಿ. ತವರಿನವರು ನನಗೆ ಒಂದು ಮಾತೂ ಬೈಯಲಿಲ್ಲ. ನಿಮ್ಮ ಸೋದರತ್ತೆ ಹೊಟ್ಟೆಯಲ್ಲಿದ್ದಾಗ, ಏಳನೇ ತಿಂಗಳಿನಲ್ಲಿ ಕರೆದೊಯ್ಯಲು ಅವ್ವ ಬರುತ್ತಾಳೆಂದು ನಾನು ಸೀರೆ ಮಡಚಿ ಗಂಟು ಕಟ್ಟಿಟ್ಟಿದ್ದೆ. ಎಂಟನೆಯದರಲ್ಲಿ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದೆ. ಹೆರಿಗೆ ಲೈನಿನ ಆ ಕೋಣೆಯಲ್ಲೇ ಆಯಿತು. ನೀರು ಕಾಯಿಸಿ, ಹೊಕ್ಕುಳಬಳ್ಳಿ ಕತ್ತರಿಸಿದವಳು ಪಕ್ಕದ ಮನೆಯವಳು. ಹೆಣ್ಣು ಎಂದಳು. ನನ್ನವ್ವನ ಹಾಗೆ ಇದೆಯೇ ಎಂದು ಕೇಳಬೇಕೆನಿಸಿತು. ಅವಳು ನನ್ನವ್ವನನ್ನು ನೋಡಿರಲಿಲ್ಲ.