ಬತ್ತೆ ಎಂದರೆ ಬರುವುದಲ್ಲ

ನನ್ನ ಈಗಿನ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಬ್ರಹ್ಮಾವರದ ಕಾಲೇಜಿನಲ್ಲಿ ದೈಹಿಕ ಶಿಕ್ಷಕನಾಗಿದ್ದಾಗ ಆ ತೊಂದರೆ ಇರಲಿಲ್ಲ. ಈಗ ನಮ್ಮ ದೇಶದ ಬಾಸ್ಕೆಟ್‌ಬಾಲ್ ಲೀಗಿನ ಒಂದು ತಂಡಕ್ಕೆ ಹೊರದೇಶದ ಎಳೆಯ ಆಟಗಾರರನ್ನು ಹುಡುಕಿಕೊಡುತ್ತೇನೆ. ಸಾಲಿಗ್ರಾಮದ ಬಸ್ ನಿಲ್ದಾಣದಲ್ಲಿ ಪರಿಚಯದವರು ಸಿಕ್ಕಿ, "ಹ್ವಾಯ್, ಈಗೆಂತ ಮಾಡ್ತಿದ್ರಿ?" ಎಂದರೆ "ಆಫ್ರಿಕಾದಿಂದ ಹುಡ್ಗ್ರನ್ ತರ್ಸುದ್" ಎಂದು ಹೇಳಿ ಬಸ್ಸು ಹತ್ತಿಬಿಡುತ್ತೇನೆ. ವಿವರಿಸುವ ಉಮೇದು ಉಳಿದಿಲ್ಲ. ಏನು ಬೇಕಾದರೂ ಅಂದುಕೊಳ್ಳಲಿ.

ಎತ್ತರದ ಹುಡುಗರು ಸಿಗುವುದು ಕಷ್ಟವಲ್ಲ. ಅವರ ಆಟದ ವಿಡಿಯೊಗಳು ಫೋನಿಗೆ ಬಂದು ಬೀಳುತ್ತಲೇ ಇರುತ್ತವೆ. ಕಷ್ಟವಿರುವುದು ಅವರ ತಾಯಂದಿರನ್ನು ಒಪ್ಪಿಸುವುದರಲ್ಲಿ. ಮಗ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಜ್ವರ ಬಂದರೆ ಯಾರಿದ್ದಾರೆ? ತಂಡದ ಮ್ಯಾನೇಜರನಿಗೆ ಈ ಪ್ರಶ್ನೆಗಳೆಂದರೆ ತಲೆನೋವು. ಅದಕ್ಕಾಗಿಯೇ ನನ್ನನ್ನು ಇಟ್ಟುಕೊಂಡಿದ್ದಾರೆ.

ಹೋದ ವರ್ಷ ಹೀಗೆ ಸಿಕ್ಕಿದವನು ಘಾನಾ ದೇಶದ ಕಡಲ ಬದಿಯ ಒಬ್ಬ ಹುಡುಗ. ಅಪ್ಪ ಇಲ್ಲ. ತಾಯಿ ಮೀನನ್ನು ಹೊಗೆಗೆ ಹಿಡಿದು ಒಣಗಿಸಿ ಸಂತೆಯಲ್ಲಿ ಮಾರುವವಳು. ನನ್ನ ಅಮ್ಮ ಬೈಂದೂರಿನ ಕಡೆ ಬುಟ್ಟಿ ಹೊತ್ತು ಮೀನು ಮಾರಿಯೇ ನನ್ನನ್ನು ಓದಿಸಿದ್ದು. ಹಾಗಾಗಿ ವಿಡಿಯೊ ಕರೆಯಲ್ಲಿ ಆ ಹೆಂಗಸನ್ನು ಕಂಡಾಗ ನನಗೆ ಹೊಸಬಳೆನ್ನಿಸಲೇ ಇಲ್ಲ. ಅಂಗಳದ ತುಂಬ ಹೊಗೆ, ಸೊಂಟದ ಮೇಲೊಂದು ಕೈ, ನಂಬದ ಕಣ್ಣು. ಅವಳಿಗೂ ಇಂಗ್ಲಿಷ್ ಬರುತ್ತಿತ್ತು, ನನಗೂ ಒಂದಿಷ್ಟು ಬರುತ್ತಿತ್ತು. ನಮ್ಮ ಅಮ್ಮ ಮೀನು ಸಾರು ಮಾಡುವ ಬಗೆಯನ್ನೂ ಅವಳಿಗೆ ಹೇಳಿದ್ದೆ.

ಹಾಗೆ ಸಲಿಗೆ ಬೆಳೆದದ್ದೇ ಎಡವಟ್ಟಾಯಿತು. ಪ್ರತಿ ಸಲ ಮಾತು ಮುಗಿಸುವಾಗ ನಾನು ಅವಳಿಗೆ ಇಂಗ್ಲಿಷಿನಲ್ಲಿ, "ಆಯ್ತಮ್ಮ, ನಾನು ಬರುತ್ತೇನೆ" ಎನ್ನುತ್ತಿದ್ದೆ. ನಮ್ಮಲ್ಲಿ ಎದ್ದು ಹೊರಡುವವನು ಇನ್ನೇನು ಹೇಳುತ್ತಾನೆ? ಅಪ್ಪ ದೋಣಿ ಹತ್ತುವಾಗ ಹೇಳುತ್ತಿದ್ದದ್ದು ಬತ್ತೆ. ಸಾಲ ಕೇಳಲು ಬಂದು ಬರಿಗೈಯಲ್ಲಿ ಎದ್ದವರು ಹೇಳಿದ್ದೂ ಬತ್ತೆ. ಹೋತೆ ಎಂದರೆ ಅಮ್ಮ ಬಾಗಿಲಲ್ಲೇ ತಡೆದು ಬೈಯುತ್ತಿದ್ದಳು. "ಹೋಪ್ದ್ ಅಂದ್ರೆ ಸತ್ತವ್ರ್ ಮಾತ್ರ. ಬತ್ತೆ ಅನ್ನ್!" ಬಾಲ್ಯದಿಂದ ನಾಲಿಗೆಗೆ ಅಂಟಿದ್ದು ಇಂಗ್ಲಿಷಿನಲ್ಲಿಯೂ ಹಾಗೆಯೇ ಬಂತು.

ಕಾಗದಪತ್ರವೆಲ್ಲ ಮುಗಿದು ಹುಡುಗನಿಗೆ ವಿಮಾನದ ಟಿಕೆಟ್ ಬಂದ ದಿನ ಅವಳು ಕರೆ ಮಾಡಿ, "ನೀವು ಯಾವಾಗ ಬರುತ್ತೀರಿ?" ಎಂದು ಕೇಳಿದಳು.

"ನಾನಾ? ಎಲ್ಲಿಗೆ?"

ಅವಳು ಫೋನನ್ನು ಅಂಗಳದ ಮೂಲೆಗೆ ತಿರುಗಿಸಿದಳು. ಅಲ್ಲೊಂದು ಕಂದು ಆಡು ಕಟ್ಟಿತ್ತು. ಮೈಕೈ ತುಂಬಿಕೊಂಡು ನೆಮ್ಮದಿಯಿಂದ ಮೆಲುಕು ಹಾಕುತ್ತಿತ್ತು. ನಾನು ಬಂದ ದಿನದ ಅಡುಗೆಗೆಂದು ತಿಂಗಳುಗಟ್ಟಲೆ ಸಾಕಿದ್ದಾಳೆ. ಮುಂದಿನ ಗೋಡೆಗೆ ಸುಣ್ಣ ಬಳಿಸಿದ್ದಾಳೆ. ಮನೆಗೆ ಬಂದು ಕೂತು ಉಂಡವನ ಕೈಗೆ ಮಾತ್ರ ಮಗನನ್ನು ಕೊಡುತ್ತೇನೆ ಎಂದು ಅಣ್ಣತಮ್ಮಂದಿರಿಗೆಲ್ಲ ಹೇಳಿದ್ದಾಳೆ.

ನನ್ನನ್ನು ಅಲ್ಲಿಗೆ ಕಳಿಸುತ್ತೀರಾ ಎಂದು ಮ್ಯಾನೇಜರನನ್ನು ಕೇಳಿದರೆ, "ಸಾರ್, ತಮಾಷೆ ಮಾಡ್ತಿದ್ದೀರಾ?" ಎಂದ. ಮರುದಿನ ಅವಳಿಗೆ ವಿವರಿಸಿದೆ. ನಮ್ಮ ಊರಿನಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದು ಅಪಶಕುನ, ಅದಕ್ಕೇ ಬರುತ್ತೇನೆ ಎನ್ನುವುದು, ಅದು ಬರಿಯ ಮರ್ಯಾದೆಯ ಮಾತು ಎಂದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಹಾಗಾದರೆ ನಿಮ್ಮ ಊರಿನಲ್ಲಿ ನಿಜವಾಗಿ ಬರುವವರು ಏನು ಹೇಳುತ್ತಾರೆ?" ಎಂದು ಕೇಳಿದಳು.

ಅವರೂ ಬತ್ತೆ ಎಂದೇ ಹೇಳುವುದು.

ಕೊನೆಗೆ ಮಗನ ಹಟಕ್ಕೆ ಮಣಿದು ಕಳಿಸಿದಳು. ಲೀಗಿಗೆ ಆಯ್ಕೆಯಾದರೆ ಅವನ ಬದುಕೇ ಬೇರೆ, ಆಗದಿದ್ದರೆ ಮತ್ತೆ ಮೀನಿನ ದೋಣಿಯ ದುಡಿಮೆ. ಅದು ಅವಳಿಗೂ ಗೊತ್ತಿತ್ತು. ನನಗೆ ಹೇಳಿದ್ದು ಇಷ್ಟೆ: "ಆಡಿನ ಹಗ್ಗ ಬಿಚ್ಚುವುದಿಲ್ಲ. ಅವನು ಗೆದ್ದ ಮೇಲಾದರೂ ಬನ್ನಿ."

ಹುಡುಗನನ್ನು ಬ್ರಹ್ಮಾವರದಲ್ಲಿ ಇರಿಸಿಕೊಂಡು ಬೆಳಿಗ್ಗೆ ಸಂಜೆ ಆಡಿಸಿದೆ. ರಜೆಯ ದಿನ ಬೈಂದೂರಿನ ಅಮ್ಮನ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವನು ಬಾಗಿಲ ದಾರಂದಕ್ಕೆ ತಲೆ ಬಡಿಸಿಕೊಳ್ಳದೆ ಒಳಗೆ ಬಂದ ದಿನವೇ ಇಲ್ಲ. ಅಮ್ಮ ಪ್ರತಿ ಸಲವೂ ಅವನಿಗೆ ಬೈಯದೆ ದಾರಂದಕ್ಕೆ ಬೈಯುತ್ತಿದ್ದಳು. ಬಂಗುಡೆಯ ಮುಳ್ಳು ಬಿಡಿಸುವುದರಲ್ಲಿ ಅವನು ನನಗಿಂತ ಚುರುಕು. ಕುಚ್ಚಲಕ್ಕಿ ಗಂಜಿ ಮಾತ್ರ ಹಿಡಿಸಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು, ಆದರೂ ಇಬ್ಬರೂ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದರು. ಎರಡು ತಿಂಗಳಾಗುವಾಗ "ಎಂತ ಮಾರಾಯ್ರೆ" ಎಂದು ನನ್ನನ್ನೇ ತಮಾಷೆ ಮಾಡುವಷ್ಟು ಭಾಷೆ ಅವನಿಗೆ ಬಂತು. ಬತ್ತೆ ಎನ್ನುವುದನ್ನು ಅಮ್ಮನೇ ಬಾಗಿಲಲ್ಲಿ ನಿಲ್ಲಿಸಿ ಕಲಿಸಿದಳು.

ತಂಡದ ಕೋಚ್ ಅವನನ್ನು ನೋಡಲು ಬಂದ ದಿನ ಹುಡುಗ ಜೀವ ಬಿಟ್ಟು ಆಡಿದ. ಕೋಚ್ ಬೆನ್ನು ತಟ್ಟಿದರು, ಫೋಟೊ ತೆಗೆಸಿಕೊಂಡರು. ಕಾರು ಹತ್ತುತ್ತ ಅವನ ಕಡೆ ಕೈ ಮಾಡಿ ಕನ್ನಡದಲ್ಲೇ "ಬರ್ತೀನಪ್ಪಾ" ಎಂದರು. ಅವನ ಮುಖ ಅರಳಿತು. ಅದು ಬರಿಯ ಮರ್ಯಾದೆಯ ಮಾತೆಂದು ಹೇಳಬೇಕಿತ್ತು, ಹೇಳಲಿಲ್ಲ. ಆಟಗಾರನ ಉತ್ಸಾಹಕ್ಕೆ ಯಾಕೆ ನೀರು ಎರಚುವುದು ಎಂದು ಸುಮ್ಮನಾದೆ. ಆ ವಾರವಿಡೀ ಅವನು ಬೂಟಿನ ಲೇಸು ಬಿಗಿದುಕೊಂಡು ಗೇಟಿನ ಕಡೆಗೇ ನೋಡುತ್ತ ಕೂತ. ಕಾರಿನ ಸದ್ದಾದರೆ ಎದ್ದು ನಿಲ್ಲುತ್ತಿದ್ದ.

ಆಮೇಲೆ ಮ್ಯಾನೇಜರನಿಂದ ಫೋನಿಗೆ ಒಂದು ಸಾಲು ಬಂತು. ಬೇರೆ ದೇಶದವನೊಬ್ಬ ಇನ್ನಷ್ಟು ಎತ್ತರದವನು ಸಿಕ್ಕಿದ್ದಾನೆ, ಇವನನ್ನು ಕಳಿಸಿಬಿಡಿ.

ಹೊರಡುವ ದಿನ ಹುಡುಗ ಅಮ್ಮನನ್ನು ನೋಡಿ ಹೋಗಬೇಕೆಂದ. ಬೈಂದೂರಿಗೆ ಕರೆದುಕೊಂಡು ಹೋದೆ. ಅಮ್ಮ ಒಣ ಸಿಗಡಿ ಕಟ್ಟಿಕೊಟ್ಟಳು. ಅವನು ಕಾಲು ಮುಟ್ಟಿ ಎದ್ದು, ಈ ಸಲ ಸರಿಯಾಗಿ ಬಗ್ಗಿ ದಾರಂದ ದಾಟಿ, ಹೊರಗೆ ನಿಂತು ತಿರುಗಿದ.

"ಅಮ್ಮಾ, ಹೋತೆ" ಎಂದ.

"ಹಾಂಗ್ ಹೇಳುಕಾಗ ಮಗಾ! ಬತ್ತೆ ಅನ್ನ್," ಎಂದು ಅಮ್ಮ ಗದರಿದಳು.

ಅವನು ತಲೆಯಾಡಿಸಿದ. ಬೇಕಾದ ಮಾತುಗಳನ್ನು ಒಂದೊಂದಾಗಿ ಹುಡುಕಿ ಜೋಡಿಸಿದ. "ಬತ್ತೆ ಅಂದ್ರೆ ನೀವ್ ಕಾಯ್ತ್ರಿ ಅಮ್ಮಾ."

ಎಷ್ಟೋ ಜನರನ್ನು ಆ ಬಾಗಿಲಿನಿಂದ ಕಳಿಸಿದ ಅಮ್ಮ ಕಂಬ ಹಿಡಿದು ನಿಂತಳು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕಾರಿಗೆ ಹೋಗಿ ಕೂತೆ.

ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಅವನನ್ನು ಬಿಟ್ಟು ವಾಪಸ್ಸು ಬರುವಾಗ ಸಾಸ್ತಾನದ ಟೋಲ್ ದಾಟಿ ಕಾರನ್ನು ಬದಿಗೆ ಹಾಕಿದೆ. ಮ್ಯಾನೇಜರ್ ಆಗಲೇ ಹೊಸ ಹುಡುಗನ ವಿಡಿಯೊ ಕಳಿಸಿದ್ದ, ಇವನ ತಾಯಿ ಬಹಳ ಕಿರಿಕಿರಿಯಂತೆ, ನೀವೇ ಮಾತಾಡಿ ಎಂದು. ಅದನ್ನು ತೆರೆಯದೆ ಘಾನಾಕ್ಕೆ ಕರೆ ಮಾಡಿದೆ.

ಅವಳ ಊರಿನಲ್ಲಿ ಇನ್ನೂ ಮಧ್ಯಾಹ್ನ. ಹೊಗೆಯ ನಡುವೆ ಮುಖ ಕಾಣಿಸಿತು. ಮಗ ಹೊರಟ, ನಾಳೆ ಬಂದು ಸೇರುತ್ತಾನೆ ಎಂದೆ. ಅವನ ಆಟದಲ್ಲಿ ತಪ್ಪಿಲ್ಲ, ನಮ್ಮವರು ಬೇರೆಯವನನ್ನು ತೆಗೆದುಕೊಂಡರು ಎಂದೆ. ಅವಳು "ಹೂಂ" ಎಂದಳು. ಮಾತು ಮುಗಿಸುವ ಹೊತ್ತಾಯಿತು, ಅಭ್ಯಾಸದಂತೆ ಅದೇ ಮಾತು ಬಾಯಿಗೆ ಬಂತು. ತಡೆದುಕೊಂಡೆ.

"ಅಮ್ಮಾ, ನಾನು ಬರುವುದಿಲ್ಲ" ಎಂದೆ.

ಅವಳು ಅಂಗಳದ ಮೂಲೆಯ ಕಡೆ ತಿರುಗಿ ಕೇಳಿದಳು.

"ಹಾಗಾದರೆ ಆಡನ್ನು ಮಾರಿಬಿಡಲಾ?"

"ಮಾರಿಬಿಡಿ ಅಮ್ಮಾ" ಎಂದೆ.