ಅವ್ವ ಕೊರೆಯಲು ಬಿಡದ ಕೋವಿ

ಆಗೆಲ್ಲ ನಮ್ಮ ಹೆಗ್ಗದ್ದೆ ಕಡೆ ಭತ್ತಕ್ಕೆ ಹಾಲು ತುಂಬುತ್ತಿದ್ದಂತೆ ಹಂದಿಯ ಮಾತು ಬಿಟ್ಟು ಬೇರೆ ಮಾತೇ ಇರುತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಬೆಳೆ ಕಾಯುವ ಕೋವಿಯ ಲೈಸೆನ್ಸು ಅವ್ವನ ಹೆಸರಿಗೆ ಬಂದಿತ್ತು. ಹೆಂಗಸಿನ ಕೈಗೆ ಕೋವಿಯಾ ಎಂದು ನಕ್ಕವರು ನಕ್ಕರು, ಅವ್ವ ಕ್ಯಾರೇ ಅನ್ನಲಿಲ್ಲ. ರೊಟ್ಟಿ ತಟ್ಟುವಾಗಲೂ ಅವಳ ಸೆರಗಿನಿಂದ ಸುಟ್ಟ ಮದ್ದಿನ ವಾಸನೆ ಬರುತ್ತಿತ್ತು. ಗುಂಡು ಹಾರಿ ಬಿದ್ದ ಖಾಲಿ ತೋಟಾಗಳನ್ನು ಆಯ್ದು ನಾನೂ ತಮ್ಮನೂ ಸೀಟಿ ಊದುತ್ತಿದ್ದೆವು.

ನಮ್ಮ ಕೋವಿಯ ನಳಿಗೆಯ ಬಾಯಿ ಕೊಂಚ ಕಿರಿದು. ತೋಟಾದೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆಗಳು, ಚೆದುರದೆ ದೂರ ಹೋಗುತ್ತಿದ್ದವು. ಚಿಕ್ಕಪ್ಪನಿಗೆ ಅದು ಸರಿಬರುತ್ತಿರಲಿಲ್ಲ.

"ಸಕಲೇಶಪುರದಾಗೆ ಬಾಯಿ ಕೊರೆಸ್ಬುಡಾನ ಅತ್ತಿಗೆ. ಚರೆ ಅಗಲಕ್ಕೆ ಬೀಳ್ತವೆ. ಹಂದಿ ಹತ್ರ ಬಂದಾಗ ಗುರಿ ಒಂಚೂರು ತಪ್ಪಿದ್ರೂ ಸಿಕ್ಬುಡ್ತದೆ."

"ಹತ್ರಕ್ಕೇನೋ ಸರಿ ಕಣಪ್ಪ. ದೂರದ್ದಕ್ಕೆ ಒಂದೋ ಎಲ್ಡೋ ಚರೆ ತಾಗಿ, ಗಾಯ ಆದ ಹಂದಿ ತೋಟದ ಕೂಲಿ ಲೈನ್ ಮನೆಗಳ ಕಡೆ ನುಗ್ತದೆ. ಮಕ್ಳು ಮರಿ ಅವೆ ಅಲ್ಲಿ. ಕೊರೆದ ಕಬ್ಬಿಣ ಮತ್ತೆ ಅಂಟ್ಸಕ್ಕಾಯ್ತದಾ? ತೆಳ್ಳಗಾಗಿ ಒಡೆದ್ರೆ ಯಾರ ಮುಖ ಹೋಗೋದು?"

"ನಿಂಗೇನ್ ಗೊತ್ತಾಯ್ತದೆ ಬುಡು!"

ಮಾರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಜೀಪು ಹತ್ತಿಯೇಬಿಟ್ಟ. ನಾನು ತೋಟಕ್ಕೆ ಓಡಿ ಅವ್ವನಿಗೆ ಹೇಳಿದೆ. ಕಳೆ ಸವರುತ್ತಿದ್ದವಳು ಕತ್ತಿ ಬಿಸಾಕಿ, ನನ್ನ ಕೈ ಹಿಡಿದೆಳೆದುಕೊಂಡು ಹಿಂದೆ ಬಂದ ಇನ್ನೊಂದು ಜೀಪು ಹತ್ತಿದಳು. ಪೇಟೆಯ ರಿಪೇರಿ ಅಂಗಡಿಗೆ ಹೋದರೆ, ಅಯ್ಯೋ, ನಳಿಗೆ ಆಗಲೇ ಕಳಚಿ ಯಂತ್ರದ ಹಿಡಿತದಲ್ಲಿ ಕೂತಿತ್ತು.

"ತೆಗೀರಿ ಅದನ್ನ," ಎಂದಳು ಅವ್ವ.

"ನಿಮ್ ಮೈದುನ ಹೇಳಿದ್ರು ಅಮ್ಮ..." ಅಂಗಡಿಯವನು ತಡವರಿಸಿದ.

"ಲೈಸೆನ್ಸ್‌ನಾಗೆ ಅವನ ಹೆಸ್ರು ಐತಾ? ನನ್ ಕೋವಿ ಹೆಂಗಿರ್ಬೇಕು ಅಂತ ನಾನ್ ಹೇಳ್ತೀನಿ."

ಜನ ಸೇರಿದರು. ಮರ್ಯಾದೆ ತೆಗೆದೆ ಎಂದು ಚಿಕ್ಕಪ್ಪ ಹಲ್ಲು ಕಡಿದ. ಅವ್ವ ಕೋವಿಯನ್ನು ಮತ್ತೆ ಜೋಡಿಸಿಕೊಂಡು, ಹೆಗಲಿಗೇರಿಸಿ, ನಡುಬಜಾರಿನಲ್ಲೇ ನಡೆದಳು. ಹಿಂದೆ ಹೋಗುತ್ತಿದ್ದ ನನಗೋ ನೆಲವೇ ಕಾಣುತ್ತಿರಲಿಲ್ಲ, ಅಷ್ಟು ಜಂಬ.

ಆ ವರ್ಷ ಹಂದಿಗಳು ಅರ್ಧ ಗದ್ದೆ ಉತ್ತುಹಾಕಿದವು. ತೀರಾ ಹತ್ತಿರ ಬಂದಾಗಲೇ ಅವ್ವನ ಗುರಿ ತಪ್ಪಿತು. ಬಾಯಿ ಕೊರೆಸಿದ್ದರೆ ತಪ್ಪುತ್ತಿರಲಿಲ್ಲವೇನೋ. ಚಿಕ್ಕಪ್ಪ ಅದನ್ನು ಊರೆಲ್ಲ ಸಾರಿದ. ಲೈನಿನ ಒಂದು ಮಗುವಿಗೂ ಹಂದಿ ಹಾಯಲಿಲ್ಲ, ಅದನ್ನು ಮಾತ್ರ ಯಾರೂ ಸಾರಲಿಲ್ಲ. ಮನೆಯ ಭತ್ತ ಮುಗಿದು, ಮುಂದಿನ ಮಳೆಗಾಲದಲ್ಲಿ ಅಂಗಡಿ ಅಕ್ಕಿಯ ರೊಟ್ಟಿ ಬಡಿಸುತ್ತ ಅವ್ವ, "ಹೂಂ, ಹೋಯ್ತು. ಬತ್ತ ಬರೋ ವರ್ಷ ಬೆಳೀತದೆ. ತಿನ್ನಿ," ಎಂದಳು.

ಈಗ ಗದ್ದೆ ಪಾಳು ಬಿದ್ದಿದೆ. ಬರುವುದು ಆನೆ, ಅದರ ಮುಂದೆ ಯಾವ ಕೋವಿಯೂ ಲೆಕ್ಕಕ್ಕಿಲ್ಲ. ಅವ್ವ ಹೋದಳು, ಲೈಸೆನ್ಸು ನನ್ನ ಹೆಸರಿಗಿದೆ. ಮೊನ್ನೆ ತಮ್ಮ, "ಸುಮ್ನೆ ಯಾಕಕ್ಕ ಇಟ್ಕೊಂಡಿದ್ದೀಯ, ಸ್ಟೇಷನ್ನಿಗೆ ಒಪ್ಪಿಸ್ಬುಡು," ಅಂದ. ಅಂದು ಪೇಟೆಯಲ್ಲಿ ಜನ ಸೇರಿಸಿದ ಅವ್ವನ ಗಂಟಲು ನನಗೆಲ್ಲಿ ಬರಬೇಕು? ಅದು ಅವಳ ಜೊತೆಗೇ ಹೋಯಿತು. ಆದರೂ ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಹೇಳಿದೆ, "ಕೊಡಲ್ಲ, ಹೋಗೋ!"