ಆಂಟಿಯ ಮಂಡಿ, ಮಗನ ಮರ್ಯಾದೆ

ಮೊನ್ನೆ ವಿಜಯನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಲ್ಕನಿಗೆಂದು ಕಬ್ಬಿಣದ ಸರಳು ಹಿಡಿದು ನೋಡಿ ಬಂದೆ. ಸೋಪು ಹಚ್ಚಿ ತೊಳೆದರೂ ಅಂಗೈಯಿಂದ ಅದರ ವಾಸನೆ ಹೋಗಲಿಲ್ಲ. ಆ ವಾಸನೆಗೆ ಒಂದಿಷ್ಟು ವಿಭೂತಿಯ ಘಮ ಸೇರಿಸಿದರೆ ಅದು ನನ್ನ ಪಾಲಿಗೆ ಎದುರುಮನೆ ಆಂಟಿ... ಅವರು ನೆನಪಾದಾಗ ಜನ ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ದಾವಣಗೆರೆ ಕಡೆಯವರು. ಮದುವೆಯಾಗಿ ಅತ್ತಿಗುಪ್ಪೆಗೆ ಬಂದವರು ಇಲ್ಲೇ ಉಳಿದರು. ಗಂಡ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಇದ್ದರು. ಬೆಳಿಗ್ಗೆ ಸ್ನಾನ ಮಾಡಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಿದ ಮೇಲೆಯೇ ಅವರಿಗೆ ಕಾಫಿ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ತಿಂಗಳುಗಟ್ಟಲೆ ಮಲಗಿ ಕಾಲಿನ ಕಸುವು ಹೋಯಿತು. ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎತ್ತಬೇಕು. ಪೂಜೆ ಪ್ಲಾಸ್ಟಿಕ್ ಕುರ್ಚಿಗೆ ಬಂತು.

"ಕುರ್ಚಿ ಮ್ಯಾಲೆ ಕೂತ್ರೆ ಪೂಜೆಗೆ ಕೂತಂಗೇ ಇಲ್ಲವ್ವಾ, ಬ್ಯಾಂಕಲ್ಲಿ ಟೋಕನ್ ಹಿಡ್ಕೊಂಡು ಕೂತಂಗಾಗ್ತದೆ" ಅನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೆ ಅದು ನಗುವ ಮಾತಾಗಿರಲಿಲ್ಲ.

ಅವರನ್ನು ಜಿಮ್‌ಗೆ ಸೇರಿಸಿದವಳು ಸೊಸೆ. ಬೇಕರಿಯ ಮೇಲಿನ ಮಹಡಿಯಲ್ಲಿದ್ದ ಅದೇ ಜಿಮ್‌ಗೆ ನಾನೂ ಹೋಗುತ್ತಿದ್ದೆ, ತಂಗಿಯ ಮದುವೆಯ ಫೋಟೋದಲ್ಲಿ ಸಣ್ಣಗೆ ಕಾಣಬೇಕೆಂಬ ಒಂದೇ ಘನ ಉದ್ದೇಶದಿಂದ. ನನ್ನ ಡಯಟ್ ಸೋಮವಾರ ಹುಟ್ಟಿ ಬುಧವಾರ ಸಾಯುತ್ತಿತ್ತು. ಒಂದು ಹೋಳಿಗೆ ತಿಂದೆನೆಂದರೆ ಎಲ್ಲ ಕೆಟ್ಟಿತು ಅಂತ ಇನ್ನೆರಡು ತಿಂದು, ನಾಚಿಕೆಯಿಂದ ವಾರವಿಡೀ ಜಿಮ್ ಕಡೆ ತಲೆ ಹಾಕುತ್ತಿರಲಿಲ್ಲ. ಆಂಟಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. "ಒಂದಿನ ಪೂಜೆ ತಪ್ಪಿತು ಅಂತ ಲಿಂಗ ಕಟ್ಟೋದೇ ಬಿಡ್ತೀವೇನವ್ವಾ? ಮಾರನೇ ದಿನ ಕೂರ್ತೀವಿ. ಇದೂ ಹಂಗೇ" ಅಂದರು. ಮೋಟಿವೇಶನ್ ಅಂತ ಬಡಬಡಿಸುವ ಎಷ್ಟೋ ವಿಡಿಯೋ ನೋಡಿದ್ದೇನೆ. ಇಷ್ಟು ನೆಟ್ಟಗೆ ಯಾರೂ ಹೇಳಿಲ್ಲ.

ಸೊಸೆಯ ಚೂಡಿದಾರ್ ಹಾಕಿಕೊಂಡು, ದುಪಟ್ಟಾಕ್ಕೆ ಪಿನ್ ಚುಚ್ಚಿಕೊಂಡು ಬರುತ್ತಿದ್ದರು. ಟ್ರೇನರ್ ಹುಡುಗಿ ಒಂದು ಗಿಡ್ಡ ಬೆಂಚಿನ ಮೇಲೆ ರಬ್ಬರ್ ಹಾಸುಗಳನ್ನು ಪೇರಿಸಿ, ಅದರ ಮೇಲೆ ಅವರನ್ನು ಕೂರಿಸಿ ಏಳಿಸುತ್ತಿದ್ದಳು. ಸಲೀಸಾದರೆ ಒಂದು ಹಾಸು ತೆಗೆಯುವುದು. ಹಾಸು ಮುಗಿದ ಮೇಲೆ ಬೆಂಚೂ ಹೋಯಿತು. ಕೈಯಲ್ಲಿ ಪುಟ್ಟ ಡಂಬೆಲ್ ಬಂತು. ತಟ್ಟೆಯಲ್ಲಿ ಅನ್ನ ಇಳಿದು ಹೆಸರುಕಾಳು, ಮೊಸರು ಏರಿತು. ಒಂದು ದಿನ ಕೈ ಊರದೆ, ಯಾರನ್ನೂ ಹಿಡಿಯದೆ ನೆಲದಿಂದ ಎದ್ದು ನಿಂತರು. ಕನ್ನಡಿಯ ಮುಂದೆ ತೋಳು ನೋಡಿಕೊಳ್ಳುತ್ತಿದ್ದ ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಆಂಟಿ ತಮ್ಮ ಅಂಗೈ ಮೂಸಿ ನೋಡಿ, "ಥೂ, ಕಬ್ಬಿಣ" ಅಂತ ಬಾಯ್ತುಂಬ ನಕ್ಕರು. ಮಾರನೇ ದಿನ ಪೂಜೆಯ ಕುರ್ಚಿ ಬಾಲ್ಕನಿ ಸೇರಿತು.

ಆಮೇಲೆ ಅವರ ಮನೆಯಲ್ಲಿ ಒಂದು ಸಮಾರಂಭ. ಊರಿನ ಬಂಧುಗಳೆಲ್ಲ ಬಂದಿದ್ದರು. ಆಂಟಿ ಹುರುಪಿನಲ್ಲಿ ಪಾಯಸದ ದೊಡ್ಡ ಪಾತ್ರೆಯನ್ನು ತಾವೇ ಎತ್ತಿಕೊಂಡು ಹಾಲ್‌ಗೆ ಬಂದರು. ಪಂಕ್ತಿಯಲ್ಲಿ ಕೂತಿದ್ದ ಒಬ್ಬ ಹೆಂಗಸು ಎಲ್ಲರಿಗೂ ಕೇಳುವಂತೆ ಅಂದಳು: "ಸೊಸೆ ಬಂದ್ ಮ್ಯಾಲೂ ಈ ವಯಸ್ಸಲ್ಲಿ ಎತ್ತೋದು ತಪ್ಪಲಿಲ್ಲ ನೋಡ್ರಿ. ಕಬ್ಬಿಣಾನೂ ಎತ್ತಿಸ್ತಾರಂತೆ."

ತಟ್ಟೆಗೆ ಬಿದ್ದದ್ದನ್ನೆಲ್ಲ ಬಳಿದು ತಿಂದು ಕೈ ತೊಳೆದು ಹೋದಳು ಮಹಾತಾಯಿ. ಸೊಸೆಯ ಮುಖ ಸಪ್ಪಗಾಯಿತು. ಮಗ ಅಮ್ಮನ ಕೈಯಿಂದ ಪಾತ್ರೆ ಕಿತ್ತುಕೊಂಡ. ಅಲ್ಲಿಗೆ ಜಿಮ್ ನಿಂತಿತು.

ನಾನು ಹೋಗಿ ಆಂಟಿಯ ಜೊತೆಯೇ ಜಗಳ ಆಡಿದೆ. ಕಂಡವರ ನಾಲಿಗೆಗೆ ನಿಮ್ಮ ಕಾಲು ಯಾಕೆ ಕೊಡುತ್ತೀರಿ ಅಂತ ಕೂಗಾಡಿದೆ.

"ಮಗ ಬೈದಿದ್ರೆ ಹೋಗೇ ಹೋಗ್ತಿದ್ದೆ ಕಣವ್ವಾ" ಅಂದರು. "ಕೈ ಹಿಡ್ಕೊಂಡು ಅತ್ತುಬಿಟ್ಟ. ನಾವಿರೋವಾಗ ನೀನ್ಯಾಕಮ್ಮ ಕಷ್ಟಪಡ್ತೀಯಾ ಅಂದ. ಏನಂತ ಹೇಳ್ಲಿ..."

ಅಲ್ಲಿಂದ ಶುರುವಾಯಿತು ಸೇವೆ. ಬಕೆಟ್ ಮುಟ್ಟಿದರೆ ಕಿತ್ತುಕೊಂಡರು. ಬಾಗಿಲು ತೆಗೆಯಲು ಏಳಹೋದರೆ ಕೂರಿಸಿದರು. ನೀರು ಕೂತಲ್ಲಿಗೆ, ಊಟ ಕೂತಲ್ಲಿಗೆ, ಕೊನೆಗೆ ಕರೆಯಲು ಕೈಗೊಂದು ಗಂಟೆ. ಕಷ್ಟಪಟ್ಟು ಕಟ್ಟಿದ ಕಾಲು ಕಣ್ಣೆದುರೇ ಕಡ್ಡಿಯಾಯಿತು. ಕುರ್ಚಿ ಬಾಲ್ಕನಿಯಿಂದ ಒಳಗೆ ಬಂತು, ಮುಂದೆ ಕುರ್ಚಿಯಿಂದಲೂ ಏಳಲಾಗಲಿಲ್ಲ. ಹಾಸಿಗೆ ಹಿಡಿದರು, ಎದೆಯಲ್ಲಿ ಕಫ ಕಟ್ಟಿತು, ಹೋದರು.

ಅವರ ಪದ್ಧತಿಯಂತೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟು, ಪದ್ಮಾಸನ ಹಾಕಿಸಿ ಕೂರಿಸಿದರು. ಮಡಿಸಲಾಗದ ಆ ಮಂಡಿಗಳನ್ನು ನಾಲ್ಕು ಜನ ಸೇರಿ ಒತ್ತಿ ಮಡಿಸಿದರು... ಪಕ್ಕದಲ್ಲಿ ಯಾರೋ ಹೇಳುತ್ತಿದ್ದರು: "ಮಗ ಅಂದ್ರೆ ಹಿಂಗಿರ್ಬೇಕು. ತಾಯಿ ಕೈಲಿ ಒಂದು ಲೋಟ ಎತ್ತಿಸ್ಲಿಲ್ಲ." ಮಗ ಬಿಕ್ಕುತ್ತಾ ತಲೆ ಆಡಿಸಿದ. ನಾನು ಅಲ್ಲಿ ನಿಲ್ಲಲಾರದೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದಿದ್ದರೆ ಆವತ್ತೇ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಅಮ್ಮನನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸಿದ, ಆ ಪ್ರೀತಿಯಿಂದಲೇ ಕಾಲು ಮುರಿದ. ಈಗಲೂ ಎದುರಿಗೆ ಸಿಕ್ಕರೆ ಕೈ ಮುಗಿಯುತ್ತಾನೆ. ನಾನೂ ಹಲ್ಲು ಕಚ್ಚಿಕೊಂಡು ಮುಗಿಯುತ್ತೇನೆ.

ಹಾರ್ಡ್‌ವೇರ್ ಅಂಗಡಿಯಿಂದ ಬಂದ ಸಂಜೆಯೇ ಅವನ ಹೆಂಡತಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವುದು ಕಂಡಿತು. ಇನ್ನೂ ನಲವತ್ತು ದಾಟಿಲ್ಲ ಅವಳಿಗೆ. ನಾಳೆಯಿಂದ ನನ್ನ ಜೊತೆ ಜಿಮ್‌ಗೆ ಬಾ ಅಂದೆ.

ಅವಳು ಕಂಬಿ ಹಿಡಿದು ಇನ್ನೊಂದು ಮೆಟ್ಟಿಲು ಹತ್ತಿದಳು.

"ಬೇಡ ಅಕ್ಕ" ಅಂದಳು. "ಇವರು ಬಿಡಲ್ಲ. ಅಮ್ಮನ್ನ ನೋಡ್ಕೊಂಡ ಹಾಗೇ ನನ್ನೂ ನೋಡ್ಕೊತಾರೆ."